ಟ್ಯಾಂಕಿನ ಬುಡದ ಕಲ್ಲು

ನಮ್ಮ ಬೀದಿಯ ಗೋಡೆಗಳಲ್ಲಿ ಈಗಲೂ ಬೆರಳ ತುದಿಯಷ್ಟು ದಪ್ಪದ ಹಿತ್ತಾಳೆ ಮೊಳೆಗಳಿವೆ. ಕೆಳಗೆ ಮೆಟ್ರೊ ಓಡಲು ಶುರುವಾಗಿ ಎರಡು ವರ್ಷವಾದರೂ ಯಾರೂ ಅವನ್ನು ಕಿತ್ತಿಲ್ಲ. ಹೊಡೆದವರು ಮಟ್ಟದಣ್ಣ. ಅವರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮೂರು ಕಾಲಿನ ಮೇಲೆ ಲೆವೆಲ್ ಯಂತ್ರ ನಿಲ್ಲಿಸಿ, ಅದರ ದುರ್ಬೀನಿಗೆ ಕಣ್ಣಿಟ್ಟು, ಒಂದೊಂದು ಮೊಳೆಯೂ ನಿನ್ನೆ ಇದ್ದ ಎತ್ತರದಲ್ಲೇ ಇದೆಯೇ ಎಂದು ದಿನವೂ ನೋಡುವುದು ಅವರ ಕೆಲಸ. ನೆಲದಡಿ ಮಣ್ಣು ತೆಗೆಯುತ್ತಿದ್ದರೆ ಮೇಲಿನ ಮನೆ ಕುಸಿಯಬಹುದು. ಐದು ಮಿಲಿಮೀಟರ್ ಇಳಿದರೆ ಎಚ್ಚರಿಕೆ, ಹತ್ತು ಇಳಿದರೆ ಕೆಲಸ ನಿಲ್ಲಿಸಬೇಕು ಎಂಬುದು ನಿಯಮ.

ಸ್ಟೇಷನ್ ಇನ್ನೂ ಕಾಗದದ ಮೇಲಿದ್ದಾಗಲೇ ಅವರು ಬಂದಿದ್ದರು. ಬಾಗಿಲು ಬಾಗಿಲು ಬಡಿದು ಯಾರ ಮನೆಯ ಪಾಯ ಎಷ್ಟು ಆಳ, ಎಲ್ಲಿ ಹಳೆಯ ಬಾವಿ ಮುಚ್ಚಿದ್ದಾರೆ ಎಂದು ಕೇಳಿ ಬರೆದುಕೊಂಡರು. ನಾಲ್ಕನೇ ಮನೆಯ ಮುದುಕರು ಮಾತಿಗೆ ಮಾತು ಬಂದು ಹೇಳಿದ ಒಂದು ಬಾವಿಯಿಂದಾಗಿ ಇಡೀ ಸ್ಟೇಷನ್ನು ನಲವತ್ತು ಅಡಿ ಆಚೆಗೆ ಸರಿಯಿತು. ನಕ್ಷೆಯ ಮೂಲೆಯಲ್ಲಿ ಸಹಿ ಮಾತ್ರ ಎಂಜಿನಿಯರದು. ಅದು ಮಟ್ಟದಣ್ಣನವರಿಗೆ ಅಷ್ಟೇನೂ ನೋಯಲಿಲ್ಲ. ನೋಯಿಸಿದ್ದು ಷಡ್ಡಕ.

ಷಡ್ಡಕ ಎಂದರೆ ಅವರ ನಾದಿನಿಯ ಗಂಡ. ಕೆಲಸವಿಲ್ಲದೆ ಅಲೆಯುತ್ತಿದ್ದವನನ್ನು ಇವರೇ ಕರೆತಂದು ನೀರೆತ್ತುವ ಪಂಪು ನೋಡಿಕೊಳ್ಳಲು ಹಾಕಿಸಿದ್ದರು. ಬಿಡುವಿನಲ್ಲಿ ಲೆವೆಲ್ ಓದುವುದನ್ನೂ ಕಲಿಸಿದ್ದರು. ಸುರಂಗ ಕೊರೆಯುವ ಯಂತ್ರ ಬಂದಾಗ ಅದನ್ನು ನಡೆಸಲು ಆರಿಸಿದ್ದು ಅವನನ್ನು. ಕೆಲಸಗಾರರು ಆ ಯಂತ್ರಕ್ಕೆ ಹೆಗ್ಗಣ ಎನ್ನುತ್ತಿದ್ದರು. ಹೆಗ್ಗಣದ ಮುಂದೆ ಹೆಲ್ಮೆಟ್ ಹಾಕಿ ನಗುತ್ತಾ ನಿಂತ ಅವನ ಫೋಟೊ ಪೇಪರಿನಲ್ಲಿ ಬಂತು. ಇಬ್ಬರಿಗೂ ಹೆಣ್ಣು ಕೊಟ್ಟ ಮಾವ ಅದನ್ನು ಕತ್ತರಿಸಿ ತಮ್ಮ ಮನೆಯ ಊಟದ ಮೇಜಿನ ಗಾಜಿನಡಿ ಇಟ್ಟರು. ಮುಂದಿನ ಭಾನುವಾರ ಊಟಕ್ಕೆ ಕೂತಾಗ ಮಟ್ಟದಣ್ಣ ತಮ್ಮ ತಟ್ಟೆಯನ್ನು ಸರಿಯಾಗಿ ಆ ಮುಖದ ಮೇಲೇ ಇಟ್ಟುಕೊಂಡರು. ಹೆಂಡತಿ ಅದನ್ನು ನೋಡಿ, ಅನ್ನ ಬಡಿಸಿದಳು. ಮಾವ ಮಾತ್ರ, ಸ್ವಲ್ಪ ಈಚೆ ಕೂತುಕೊಳ್ಳಿ, ಅಲ್ಲಿ ಬಿಸಿ ತಟ್ಟೆ ಇಟ್ಟರೆ ಫೋಟೊ ಹಾಳಾಗುತ್ತದೆ ಎಂದರು.

ಆಮೇಲೆ ಷಡ್ಡಕ ಏರಿನ ಮೇಲೆ ಬಾಲ್ಕನಿ ಇರುವ ಮನೆ ಮಾಡಿದ. ಅಲ್ಲಿಂದ ಶುರುವಾಯಿತು ನೋಡಿ.

ಮೊಳೆಗಳನ್ನು ಅಳೆಯಬೇಕಾದರೆ ಎಂದೂ ಕದಲದ ಒಂದು ಕಲ್ಲಿನಿಂದ ಲೆಕ್ಕ ಹಿಡಿಯಬೇಕು. ಆ ಕಲ್ಲು ಇದ್ದದ್ದು ಅಗೆತದಿಂದ ದೂರ, ಏರಿನ ತುದಿಯ ನೀರಿನ ಟ್ಯಾಂಕಿನ ಬುಡದಲ್ಲಿ. ದಿನಾ ಬೆಳಿಗ್ಗೆ ಯಂತ್ರ ಹೊತ್ತು ಅಲ್ಲಿಗೆ ಹೋಗಬೇಕು. ದಾರಿಯಲ್ಲೇ ಬಾಲ್ಕನಿ. ನಾದಿನಿ ಬಟ್ಟೆ ಹರವುತ್ತಾ, "ಭಾವ, ಒಂದು ಲೋಟ ನೀರಾದ್ರೂ ಕುಡಿದು ಹೋಗಿ," ಎಂದು ಕೂಗುತ್ತಿದ್ದಳು. ಆ ದನಿಯಲ್ಲಿ ಬಿಂಕ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಬರೀ ಪ್ರೀತಿ ಇತ್ತು, ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು ಎಂದು ಅವರು ನನ್ನ ಬಳಿ ಹೇಳಿದ್ದಾರೆ.

ಒಂದು ದಿನ ಅವರು ಏರು ಹತ್ತಲಿಲ್ಲ. ಬೀದಿಯ ತಿರುವಿನ ಅಂಚೆ ಕಚೇರಿಯ ಮೆಟ್ಟಿಲಿನಿಂದಲೇ ಲೆಕ್ಕ ಹಿಡಿದರು. ಆ ಮೆಟ್ಟಿಲಿನ ಎತ್ತರ ಪುಸ್ತಕದಲ್ಲಿ ಮೊದಲೇ ಬರೆದಿತ್ತು. ಅಳತೆಕೋಲು ಹಿಡಿಯುವ ಅಕ್ಕ, ಇಪ್ಪತ್ತು ವರ್ಷದಿಂದ ಅವರ ಜೊತೆಗಿದ್ದವಳು, ಯಾಕೆ ಎಂದು ಕೇಳಿದಳು. ಮೊಣಕಾಲು ನೋವು ಎಂದರು.

"ಟೀ ಅಂಗಡಿ ತನಕ ಓಡ್ತಿದ್ರಿ," ಎಂದಳು ಅಕ್ಕ. "ಏರು ಕಂಡ ಕೂಡ್ಲೇ ನೋವು ಬರುತ್ತಾ, ಬಾಲ್ಕನಿ ಕಂಡ ಕೂಡ್ಲೇನಾ?"

ಅವರು ದುರ್ಬೀನಿಗೆ ಕಣ್ಣಿಟ್ಟರು. ಹನ್ನೆರಡು ದಿನ ಹೀಗೇ ನಡೆಯಿತು. ಹೆಗ್ಗಣ ಬೀದಿಯ ಕೆಳಗೆ ಬಂದಿತ್ತು. ಮೂರು ದಿನ ಕಳೆದರೆ ಸ್ಟೇಷನ್ನಿನ ಗೋಡೆ ಒಡೆದು ಹೊರಬರುವುದಿತ್ತು. ಕ್ಯಾಮೆರಾದವರು, ದೊಡ್ಡ ಮನುಷ್ಯರು ಬರುವವರಿದ್ದರು, ಷಡ್ಡಕನಿಗೆ ಶಾಲು ಹೊದಿಸುವುದಿತ್ತು. ಮಾವ ಹೊಸ ಚಪ್ಪಲಿ ಕೊಂಡಿದ್ದರು. ಮಟ್ಟದಣ್ಣನ ಪುಸ್ತಕದಲ್ಲಿ ಸೊನ್ನೆ, ಸೊನ್ನೆ, ಒಂದು. ನೂಲಿನ ಅಂಗಡಿಯ ಮೊಳೆ ಮಾತ್ರ ಮೂರು ಮಿಲಿಮೀಟರ್ ಇಳಿದಿತ್ತು. ಮೂರು ಏನೂ ಅಲ್ಲ.

ಆ ಅಂಗಡಿಯ ಅಮ್ಮ ಉಲ್ಲನ್ ಉಂಡೆಗಳ ನಡುವೆಯೇ ಬದುಕಿದವರು, ಸಣ್ಣಪುಟ್ಟದಕ್ಕೆ ದೂರುವವರಲ್ಲ. ಅವತ್ತು ಬೆಳಿಗ್ಗೆ ಅವರು ಮಟ್ಟದಣ್ಣನನ್ನು ಕರೆದು, ಬಾಗಿಲು ಹಾಕಲು ಆಗುತ್ತಿಲ್ಲ, ಕೆಳಗೆ ಉಜ್ಜುತ್ತಿದೆ ಎಂದರು. ಇವರು ಪುಸ್ತಕ ತೆರೆದು ತೋರಿಸಿದರು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು.

"ಚೆನ್ನಾಗಿ ಬರೆದಿದ್ದೀಯಪ್ಪ," ಎಂದರು. "ಬಾಗಿಲಿಗೆ ಓದೋಕೆ ಬರಲ್ಲ, ಅಷ್ಟೇ."

ಮಟ್ಟದಣ್ಣ ಹೊಸ್ತಿಲ ಮೇಲೆ ಕೈಯಿಟ್ಟು ನಿಂತರು. ಅಂಚೆ ಕಚೇರಿ ಇಲ್ಲಿಂದ ಇಪ್ಪತ್ತು ಹೆಜ್ಜೆ. ಅಂಗಡಿ ಇಳಿದರೆ ಆ ಮೆಟ್ಟಿಲು ಇಳಿಯುವುದಿಲ್ಲವೇ? ಇಳಿಯುವ ಮೆಟ್ಟಿಲಿನ ಮೇಲೆ ನಿಂತು ಇಳಿಯುವ ಮನೆಗಳನ್ನು ಅಳೆದರೆ ಎಲ್ಲವೂ ಇದ್ದಲ್ಲೇ ಇದ್ದ ಹಾಗೆ ಕಾಣುತ್ತದೆ. ಈ ಕೆಲಸ ಕಲಿಯುವವರಿಗೆ ಮೊದಲ ದಿನವೇ ಹೇಳುವ ಮಾತು. ಷಡ್ಡಕನಿಗೂ ಇವರೇ ಹೇಳಿಕೊಟ್ಟಿದ್ದರು.

ಅಕ್ಕನನ್ನು ಕರೆದುಕೊಂಡು ಏರು ಹತ್ತಿದರು. ಟ್ಯಾಂಕಿನ ಕಲ್ಲಿನಿಂದ ಅಳತೆ ಹಿಡಿದು ಹೆಜ್ಜೆ ಹೆಜ್ಜೆಗೂ ಯಂತ್ರ ನಿಲ್ಲಿಸುತ್ತಾ ಅಂಚೆ ಕಚೇರಿಗೆ ಇಳಿದರು. ಮೆಟ್ಟಿಲು ಎಂಟು ಮಿಲಿಮೀಟರ್ ಕೆಳಗೆ ಹೋಗಿತ್ತು. ಅಂದರೆ ನೂಲಿನ ಅಂಗಡಿ ಇಳಿದದ್ದು ಮೂರಲ್ಲ, ಹನ್ನೊಂದು.

"ಮೊದಲು ಬಂದದ್ದು ಭಯ ಅಲ್ಲ ತಂಗಿ," ಎಂದು ವರ್ಷಗಳಾದ ಮೇಲೆ ಅವರು ನನ್ನ ಮನೆಯ ಜಗಲಿಯಲ್ಲಿ ಕೂತು ಹೇಳಿದರು. "ಖುಷಿ. ಅವನ ಹೆಗ್ಗಣ ನಿಲ್ಲುತ್ತೆ ಅನ್ನೋ ಖುಷಿ."

ಮನಸ್ಸಿನ ಒಳಗಿನದನ್ನು ಅಳೆಯುವವನು ಬೇರೆಯೇ ಇದ್ದಾನೆ.

ಆ ಖುಷಿಯಿಂದಲೇ ಅವರಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆ ಹೋಯಿತು. ಎಂಟು ಎಂದು ಓದಿದ್ದು ಕಣ್ಣೋ ಹೊಟ್ಟೆಕಿಚ್ಚೋ? ಹಿಂದಕ್ಕೆ ಏರುವಾಗ ಅಳತೆಕೋಲನ್ನು ತಾವು ಹಿಡಿದು ಅಕ್ಕನಿಗೆ ದುರ್ಬೀನು ಬಿಟ್ಟುಕೊಟ್ಟರು. ಇಪ್ಪತ್ತು ವರ್ಷದಲ್ಲಿ ಅವಳು ಒಮ್ಮೆಯೂ ಅದರಲ್ಲಿ ಇಣುಕಿರಲಿಲ್ಲ. ನನ್ನ ಕೋಲು ಇಷ್ಟು ಚಂದ ಕಾಣುತ್ತದೆ ಎಂದು ಇಷ್ಟು ದಿನ ಹೇಳಲೇ ಇಲ್ಲವಲ್ಲ ಎಂದು ಬೈದಳು. ಅಂಕಿಗಳನ್ನು ಒಂದೊಂದಾಗಿ ಕೂಗಿದಳು. ಬಾಲ್ಕನಿಯಿಂದ ನಾದಿನಿ, ಇದೇನು ಭಾವ, ಇವತ್ತು ಎರಡೆರಡು ಸಲ ಎಂದು ನಕ್ಕಳು. ಇವರು ತಲೆ ಎತ್ತಲಿಲ್ಲ. ಟ್ಯಾಂಕಿನ ಬುಡದಲ್ಲಿ ಲೆಕ್ಕ ಕೂಡಿಸಿದಾಗಲೂ ಎಂಟೇ ಬಂತು.

ಈಗ ಬರೆಯಬೇಕು. ಬರೆದರೆ ಹನ್ನೆರಡು ದಿನದ ಪುಟಗಳು ಸುಳ್ಳು ಎಂದು ತಾವೇ ಒಪ್ಪಿಕೊಂಡಂತೆ. ಷಡ್ಡಕನ ದಿನ ಕೈತಪ್ಪುತ್ತದೆ, ಮನೆಯವರೆಲ್ಲ ಹೊಟ್ಟೆಕಿಚ್ಚಿಗೆ ಮಾಡಿದ ಎನ್ನುತ್ತಾರೆ. ಅಲ್ಲ ಎನ್ನಲು ತಮಗೇ ಬಾಯಿ ಬರುವುದಿಲ್ಲ. ಮೂರು ದಿನ ಸುಮ್ಮನಿದ್ದರೆ ಹೆಗ್ಗಣ ದಾಟಿ ಹೋಗಬಹುದು. ಅಥವಾ ಆ ಅಮ್ಮನ ಗೋಡೆ ಕುಸಿಯಬಹುದು. ಟ್ಯಾಂಕಿಗೆ ಒರಗಿ ಕಣ್ಣು ಮುಚ್ಚಿ ಕೂತರಂತೆ. ಅಕ್ಕ ಪೆನ್ನು ತೆಗೆದು ಅವರ ಮಡಿಲಿಗೆ ಹಾಕಿದಳು.

ಕೆಲಸದ ಜಾಗಕ್ಕೆ ಬಂದಾಗ ಪಾಳಿ ಬದಲಾಗುತ್ತಿತ್ತು. ಷಡ್ಡಕ ಸ್ಟೇಷನ್ನಿನ ಗುಂಡಿಯಿಂದ ಲಿಫ್ಟಿನಲ್ಲಿ ಮೇಲೆ ಬಂದು ಕೈ ತೊಳೆಯುತ್ತಿದ್ದ. ಎಂಜಿನಿಯರಿಗೆ ಪುಸ್ತಕ ಕೊಡುವ ಮೊದಲು ಇವರು ಅವನಿಗೇ ಹೇಳಿದರು.

"ಹನ್ನೊಂದಾ?" ಎಂದ ಅವನು. "ನಿನ್ನೆ ಮೂರು ಅಂದ್ರಲ್ಲ ಅಣ್ಣ."

"ಅಂಚೆ ಕಚೇರಿ ಮೆಟ್ಟಿಲಿಂದ ಓದಿದ್ದೆ."

"ನೀವಾ? ಟ್ಯಾಂಕಿನ ಕಲ್ಲು ಬಿಟ್ಟು?"

"ಟ್ಯಾಂಕಿನ ದಾರೀಲಿ ನಿನ್ನ ಮನೆ ಇದೆ."

ಷಡ್ಡಕನ ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಅವನು ಕೈ ಒರೆಸಿಕೊಳ್ಳದೆ ಹೋಗಿ, ಕೆಳಗೆ ಹೆಗ್ಗಣ ನಡೆಸುವ ಕೋಣೆಗೆ ಹೋಗುವ ಫೋನೆತ್ತಿ, ನಿಲ್ಲಿಸಿ ಎಂದ.

ಹತ್ತೊಂಬತ್ತು ದಿನ ಹೆಗ್ಗಣ ನಿಂತಿತು. ನೂಲಿನ ಅಂಗಡಿಯ ಕೆಳಗೆ ಸಿಮೆಂಟಿನ ಹಾಲು ತುಂಬಿದರು, ಗೋಡೆಗೆ ಕಬ್ಬಿಣದ ಆಸರೆ ಕೊಟ್ಟರು. ಅಮ್ಮ ಉಲ್ಲನ್ ಉಂಡೆಗಳ ಸಮೇತ ಲಾಡ್ಜಿನಲ್ಲಿದ್ದರು. ಅಷ್ಟರಲ್ಲಿ ಆಚೆ ಬದಿಯಿಂದ ಬರುತ್ತಿದ್ದ ಇನ್ನೊಂದು ಯಂತ್ರವೇ ಮೊದಲು ಗೋಡೆ ಒಡೆಯಿತು. ಶಾಲು ಅದನ್ನು ನಡೆಸಿದವನಿಗೆ ಹೋಯಿತು. ಮಟ್ಟದಣ್ಣನವರನ್ನು ಒಂದು ತಿಂಗಳು ಲೆವೆಲ್ ಯಂತ್ರ ಬಿಡಿಸಿ ಬರೀ ಕೋಲು ಹಿಡಿಯಲು ಹಾಕಿದರು. ಮಾವ ಭಾನುವಾರದ ಊಟಕ್ಕೆ ಹಿರಿಮಗಳನ್ನು ಕರೆದರು, ಅವಳ ಗಂಡನಾದ ಇವರನ್ನು ಕರೆಯಲಿಲ್ಲ. ಬಾಲ್ಕನಿಯ ಬಾಗಿಲು ಮುಚ್ಚಿಯೇ ಇರುತ್ತಿತ್ತು.

ಯಂತ್ರ ಮತ್ತೆ ಕೈಗೆ ಬಂದ ಮೇಲೆ ಅವರು ಒಂದು ದಿನವೂ ತಪ್ಪಿಸದೆ ಏರು ಹತ್ತಿದರು. ಆರನೆಯ ತಿಂಗಳೋ ಏನೋ, ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಷಡ್ಡಕ ನಿಂತಿದ್ದ.

"ನಿನ್ನೆ ಎಷ್ಟಿತ್ತಣ್ಣ?"

"ಹನ್ನೊಂದೇ. ಅಲ್ಲೇ ನಿಂತಿದೆ."

ಅವನು ತಲೆಯಾಡಿಸಿದ. ಒಳಗೆ ತಿರುಗಿ ಏನೋ ಅಂದ. ನಾದಿನಿ ಬಂದು, ಭಾವ, ನೀರು ಎಂದಳು. ಈ ಸಲ ಇವರು ಯಂತ್ರವನ್ನು ಗೇಟಿಗೆ ಒರಗಿಸಿ ಮೇಲೆ ಹೋದರು.

ಹೊಟ್ಟೆಕಿಚ್ಚು ಆರಿತೇ ಎಂದು ನಾನು ಕೇಳಿದೆ.

"ಎಲ್ಲಿ," ಎಂದರು ಮಟ್ಟದಣ್ಣ. "ಆ ಬಾಲ್ಕನೀಲಿ ಎಂಥ ಗಾಳಿ ಅಂತೀಯ. ಮತ್ತೆ ಉರೀತು. ಆದ್ರೂ ಲೋಟ ಖಾಲಿ ಮಾಡಿ, ಟ್ಯಾಂಕಿಗೆ ಹೋದೆ."