ದೊಡ್ಡಪ್ಪನ ಮನೆಯ ಸೋಫಾ

ಅಲ್ಲಾಳಸಂದ್ರದ ಫರ್ನಿಚರ್ ಅಂಗಡಿಗೆ ಕಾಲಿಟ್ಟ ಕೂಡಲೇ ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಗಂಡ ಒಂದೊಂದೇ ಸೋಫಾದ ಮೇಲೆ ಕೂತು, ಎದ್ದು, "ಇದು ಹತ್ತು ವರ್ಷ ಬಾಳಿಕೆ ಬರುತ್ತಾ?" ಎಂದು ಅಂಗಡಿಯವರನ್ನು ಕೇಳುತ್ತಿದ್ದರು. ನಾನು ನಿಂತಲ್ಲೇ ಮತ್ತಿಕೆರೆಯ ನಮ್ಮ ಹೆಂಚಿನ ಮನೆಗೆ ಹೋಗಿಬಿಟ್ಟಿದ್ದೆ. ಈಗ ಆ ಮನೆಯಿಲ್ಲ; ಅಲ್ಲಿ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ, ಸಾಲಾಗಿ ಹುಡುಗರ ಟವೆಲ್ಲುಗಳು ಒಣಗುತ್ತವೆ. ನೀವು ಬೆಳೆದ ಮನೆಗೂ ಹೀಗೇ ಆಗಿರಬಹುದು. ನಮ್ಮದನ್ನು ನಡುವೆ ಗೋಡೆಯೆಬ್ಬಿಸಿ ಎರಡು ಮಾಡಿದ್ದರು. ರಸ್ತೆಯ ಕಡೆ ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು ರೇಖಾ. ಹಿತ್ತಲ ಕಡೆ ಅಪ್ಪ, ಅಮ್ಮ, ನಾನು ಮತ್ತು ಅಜ್ಜಿ. ಸಂಜೆಯಾದರೆ ಅಜ್ಜಿ ಚಾಪೆಯ ಮೇಲೆ ಕಾಲು ಚಾಚಿ ಕೂತು ನನ್ನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದಳು. ರೇಖಾಳಿಗೆ ಸೈಕಲ್ಲಿತ್ತು, ಕಲರ್ ಟೀವಿಯಿತ್ತು. ನನಗೆ ಅಜ್ಜಿಯಿದ್ದಳು. ಲೆಕ್ಕ ಸರಿಹೋಯಿತೆಂದುಕೊಂಡಿದ್ದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ದೊಡ್ಡಪ್ಪ ಅಂಗಳದಲ್ಲೇ ಸೋಫಾ ಮಾಡಿಸಿದರು. ಬಡಗಿ ಗೌಸ್ ಸಾಬರು ಹೊನ್ನೆಮರ ಉಜ್ಜುತ್ತಾ, "ನಿಮ್ ಮೊಮ್ಮಕ್ಳ ಮದ್ವೆವರ್ಗೂ ಅಲ್ಲಾಡಲ್ಲ ಅಮ್ಮಾ" ಎಂದರು. ಅಜ್ಜಿಗೆ ಬೇರೆಯದೇ ಚಿಂತೆ. "ಕೂತ್ರೆ ಒಳಕ್ಕೆ ಹೂತೋಗ್ಬಾರ್ದು ಗೌಸು, ಮಂಡಿ ನೋವಾಗ್ದಂಗೆ ಏಳೋಕಾಗ್ಬೇಕು." ಅವರು ಅಜ್ಜಿಯ ಮಂಡಿಗೇ ಅಳತೆ ಹಿಡಿದು ಸೋಫಾದ ಕಾಲು ಕೂಡಿಸಿದರು, ತೆಂಗಿನ ನಾರು ತುಂಬಿ, ಸ್ಪಂಜು ಹಾಸಿ, ಮೇಲೆ ಮೆರೂನ್ ರೆಕ್ಸಿನ್ ಬಿಗಿದರು. ಅಂದಿನಿಂದ ಅಜ್ಜಿಯ ಸಂಜೆಗಳು ಗೋಡೆಯಾಚೆಗೆ ಹೋದವು. ಬಾಗಿಲಲ್ಲಿ ನಿಂತು ನೋಡಿದರೆ, ಆ ಸೋಫಾದ ಮೂಲೆಯಲ್ಲಿ ಕೂತು ಅವಳು ರೇಖಾಳ ಜಡೆ ಹೆಣೆಯುತ್ತಿದ್ದಳು. "ನೀನೂ ಬಾರೆ ಪುಟ್ಟಿ" ಎಂದು ಕರೆದಳು. "ಕಾಲ್ ಒರೆಸ್ಕೊಂಡ್ ಬಾ, ಹೊಸ ಸೋಫಾ ಕಣೆ" ಎಂದಳು ರೇಖಾ. ನಾನು ಹೋಗಲಿಲ್ಲ.

ಒಂದು ಮಧ್ಯಾಹ್ನ ದೊಡ್ಡಪ್ಪನ ಮನೆಯವರೆಲ್ಲ ಯಾವುದೋ ಮದುವೆಗೆ ಹೋಗಿದ್ದಾಗ, ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ಅಜ್ಜಿ ಕೂರುತ್ತಿದ್ದ ಮೂಲೆಯನ್ನೇ ಒಂದು ಗೇಣುದ್ದ ಸೀಳಿದೆ. ಸೋಫಾ ಹಾಳಾದರೆ ಅವಳು ಚಾಪೆಗೆ ವಾಪಸ್ಸು ಬರುತ್ತಾಳೆಂಬುದು ನನ್ನ ಎಣಿಕೆ. ತಿರುಗಿದರೆ ಹಿಂದೆಯೇ ಅಜ್ಜಿ. ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡಳು. ಆ ಸೀಳಿನ ಮೇಲೆ ಕೂತು, ಸೆರಗು ಹರವಿಕೊಂಡು, "ಹೋಗು, ಕೈ ತೊಳ್ಕೊ" ಎಂದಳು. ಆಮೇಲೆ ಅವಳು ಬದುಕಿದ್ದ ಮೂರು ವರ್ಷ ಆ ಮೂಲೆ ಬಿಡಲಿಲ್ಲ. ನೆಂಟರು ಬಂದರೆ, "ಇದು ನನ್ ಜಾಗ, ಆ ಕಡೆ ಕೂತ್ಕೊಳ್ರಿ" ಎನ್ನುತ್ತಿದ್ದಳು. ಏಳಬೇಕಾದರೆ ಅಲ್ಲಿ ಶಾಲು ಹಾಸಿ ಏಳುತ್ತಿದ್ದಳು. ಅಮ್ಮ ಊಟಕ್ಕೆ ಕರೆದರೂ ತಟ್ಟೆ ಅಲ್ಲಿಗೇ ತರಿಸಿಕೊಳ್ಳುತ್ತಿದ್ದಳು. ಅವಳನ್ನು ಆ ಸೋಫಾಕ್ಕೆ ಕಟ್ಟಿಹಾಕಿದವಳು ನಾನೇ.

ಅಜ್ಜಿಯ ತಿಥಿ ಮುಗಿದ ಮೇಲೆ ದೊಡ್ಡಮ್ಮ ಶಾಲು ಎತ್ತಿದರು. "ಅತ್ತೆ ಸೊಂಟದ ಬೀಗದ್ ಕೈ ಸಿಕ್ಕಿ ಹರಿದಿರ್ಬೇಕು. ಪಾಪ, ಬೈತೀನಂತ ಹೇಳ್ಲೇ ಇಲ್ಲ ನೋಡು" ಎಂದು ಕಣ್ಣೊರೆಸಿಕೊಂಡರು. ರೇಖಾ ಆ ಸೀಳಿಗೆ ಕೆನ್ನೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ನಾನು ಬಾಗಿಲಲ್ಲೇ ನಿಂತಿದ್ದೆ. ಆ ಹೊತ್ತಿನಲ್ಲೂ ಅವಳನ್ನು ಕಂಡು ಹೊಟ್ಟೆಕಿಚ್ಚಾಯಿತು. ಏನನ್ನೂ ಬಚ್ಚಿಡದೆ ಅಳುವುದು ಅವಳಿಗೆ ಸಾಧ್ಯವಿತ್ತು.