ಹನ್ನೊಂದು ಮನೆಗಳ ಬೀಟ್‌ರೂಟ್

ಡಬ್ಬಿಯಕ್ಕನಿಗೆ ಹೇಸಿಗೆ ಎಂಬುದೇ ಇಲ್ಲ ಎಂದು ನಮ್ಮ ಬೀದಿಯವರೆಲ್ಲ ನಂಬಿದ್ದರು. ಅವಳು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು, ನನ್ನ ಮಗಳ ಕೊಳಕು ಬಟ್ಟೆಯನ್ನು ಬಿಡಿಸಿ ಬೆಳಕಿಗೆ ಹಿಡಿದು, ಸಂತೆಯಲ್ಲಿ ಸೊಪ್ಪು ಆರಿಸುವವಳಂತೆ ತಲೆ ಓರೆ ಮಾಡಿ ನೋಡುತ್ತಿದ್ದ ರೀತಿಯೇ ಹಾಗಿತ್ತು. ಆಮೇಲೆ ಪುಟ್ಟ ಚಮಚದಲ್ಲಿ ಬೇಕಾದಷ್ಟೇ ತೆಗೆದು ಬಿಳಿ ಮುಚ್ಚಳದ ಡಬ್ಬಿಗೆ ಹಾಕುವಳು. ಚೀಟಿ ಅಂಟಿಸುವಳು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುವಳು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುವಳು. ಅದೆಲ್ಲ ಮುಗಿದ ಮೇಲೆ, "ಟೀ ಇದ್ಯಾ?"

"ಅಯ್ಯೋ, ಅದೇ ಕೈಯಲ್ಲಿ ಲೋಟ ಹಿಡೀತಾಳಲ್ಲೇ!" ಎಂದು ಅತ್ತೆ ಒಳಗಿನಿಂದ ಗೊಣಗುವರು.

"ನಿಮ್ಮ ಕೈಗಿಂತ ಚೊಕ್ಕ ಇದೆ ಅಮ್ಮಾ. ಅನುಮಾನ ಇದ್ರೆ ಎರಡನ್ನೂ ಪರೀಕ್ಷೆಗೆ ಕಳಿಸೋಣ, ಡಬ್ಬಿಗೇನು ಬರ ಇಲ್ಲ."

ಅತ್ತೆಗೆ ನಗು ಬರುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ. ಟೀ ಮಾತ್ರ ದೊಡ್ಡ ಲೋಟದಲ್ಲೇ ಬರುತ್ತಿತ್ತು.

ಅವಳ ಕೊರಳ ಕಾರ್ಡಿನಲ್ಲಿ ಅವಳ ಹುದ್ದೆಯ ಹೆಸರು ಎರಡು ಸಾಲು ಉದ್ದವಿತ್ತು. ಕೆಲಸವೇನೋ ಒಂದೇ: ದೊಡ್ಡಾಸ್ಪತ್ರೆಯ ಸಂಶೋಧನಾ ವಿಭಾಗಕ್ಕೆ ಮನೆಮನೆಯಿಂದ ಮಾದರಿ ತಂದುಕೊಡುವುದು. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದಳು. ಓದಿದ್ದು ಹತ್ತನೇ ಕ್ಲಾಸು, ಅಕ್ಷರ ಮುತ್ತಿನಂತಿತ್ತು. ಅಕ್ಷರ ನೋಡಿಯೇ ಯಾರೋ ಹಳೆಯ ಡಾಕ್ಟರು ಅವಳನ್ನು ವಾರ್ಡಿನಿಂದ ಬಿಡಿಸಿ ಬೀದಿ ಸುತ್ತುವ ಈ ಕೆಲಸಕ್ಕೆ ಹಾಕಿದರಂತೆ. ಕ್ಷಯದ ಅಧ್ಯಯನಕ್ಕೆ ಕಫ, ಮೂತ್ರಪಿಂಡದ ಅಧ್ಯಯನಕ್ಕೆ ಮೂತ್ರ, ಸಕ್ಕರೆ ಕಾಯಿಲೆಯವರ ಅಧ್ಯಯನಕ್ಕೆ ಅಂಗಾಲಿನ ಹುಣ್ಣಿನ ಅಳತೆ. "ಈ ಊರಿನ ಜನ ಹೊರಗೆ ಹಾಕಿದ್ದನ್ನೆಲ್ಲ ಹೊತ್ತಾಯ್ತು. ಕಣ್ಣೀರೊಂದು ಬಾಕಿ. ಅದಕ್ಕೂ ಯಾರಾದ್ರೂ ಡಬ್ಬಿ ಕೊಟ್ರೆ ಅದನ್ನೂ ಹೊತ್ತೇನು" ಎನ್ನುತ್ತಿದ್ದಳು. ಒಮ್ಮೆ ಆಸ್ಪತ್ರೆಯ ಗೋಡೆಗೆ ಹಾಕಿದ್ದ ಬಣ್ಣದ ಹಾಳೆಯಲ್ಲಿ ಕ್ಷಯದ ಅಧ್ಯಯನದ ಫಲಿತಾಂಶ ನೋಡಿದಳಂತೆ. ನಾಲ್ಕು ವರ್ಷ ಹೊತ್ತ ಕಫವೆಲ್ಲ ಅಲ್ಲಿ ಒಂದು ನೀಲಿ ಕಂಬವಾಗಿ ನಿಂತಿತ್ತು. "ಪರವಾಗಿಲ್ಲ, ನೆಟ್ಟಗೆ ನಿಂತಿತ್ತು" ಎಂದಳು, ಹೆಮ್ಮೆಯಿಂದಲೇ.

ಮನೆಯಲ್ಲಿ ಅವಳಿಗೆ ಅಂಥ ಮರ್ಯಾದೆಯೇನೂ ಇರಲಿಲ್ಲ. ಸೊಸೆ ಅವಳ ಚೀಲವನ್ನು ಬಾಗಿಲ ಹೊರಗೇ ಇಡಿಸುತ್ತಿದ್ದಳು, ತಟ್ಟೆಯನ್ನು ಬೇರೆ ಎತ್ತಿಡುತ್ತಿದ್ದಳು. ಮೊಮ್ಮಗನನ್ನು ಎತ್ತಿಕೊಳ್ಳಬೇಕಾದರೆ ಸ್ನಾನ ಮಾಡಿಯೇ ಎತ್ತಿಕೊಳ್ಳಬೇಕು. ಇದನ್ನೆಲ್ಲ ಅವಳು ದೂರಿನಂತೆ ಹೇಳಿದವಳಲ್ಲ. "ಅವಳ ಮೂಗು ಅವಳದು" ಎಂದು ಮಾತು ಮುಗಿಸುತ್ತಿದ್ದಳು.

ನನ್ನ ಮಗಳು ಐದು ತಿಂಗಳವಳಿದ್ದಾಗ ನಾವು ಅವಳ ಪಟ್ಟಿಗೆ ಸೇರಿದೆವು. ಕೂಸುಗಳಿಗೆ ಭೇದಿಯಾಗದಂತೆ ತಡೆಯುವ ಹೊಸ ಪುಡಿಯೊಂದರ ಅಧ್ಯಯನ. ದಿನಕ್ಕೊಂದು ಚಮಚ, ಹಾಲಿನಲ್ಲಿ ಕಲಸಿ ಕುಡಿಸಬೇಕು. ಅರ್ಧ ಮಕ್ಕಳಿಗೆ ನಿಜವಾದ ಪುಡಿ, ಇನ್ನರ್ಧ ಮಕ್ಕಳಿಗೆ ಬರೀ ಹಿಟ್ಟು. ಯಾರಿಗೆ ಯಾವುದೆಂದು ಕೊನೆಯವರೆಗೂ ಯಾರಿಗೂ ಗೊತ್ತಾಗುವಂತಿಲ್ಲ. ಒಟ್ಟು ಒಂಬೈನೂರು ಮಕ್ಕಳು. ನಮ್ಮ ಸುತ್ತಿನ ಆರು ಬೀದಿಗಳು ಡಬ್ಬಿಯಕ್ಕನ ಪಾಲಿಗೆ ಬಂದಿದ್ದವು.

ಅವಳದೊಂದು ಪಟ್ಟು. ಕಣ್ಣಾರೆ ಕಾಣದ್ದನ್ನು ಬರೆಯಳು. "ಇವತ್ತು ಚೆನ್ನಾಗಾಯ್ತು ಅಕ್ಕ" ಎಂದರೆ ಅವಳಿಗೆ ಸಿಟ್ಟು. "ಚೆನ್ನಾಗಿ ಅಂದ್ರೆ? ಗಟ್ಟಿನಾ, ನೀರಾ, ಲೋಳೆನಾ? ಮದುವೆ ಊಟದ ಸುದ್ದಿ ಕೇಳ್ತಿಲ್ಲ ನಾನು. ಬಟ್ಟೆ ತೋರ್ಸು." ಒಗೆದುಬಿಟ್ಟಿದ್ದರೆ 'ಕಾಣಲಿಲ್ಲ' ಎಂದು ಬರೆದು ಎದ್ದುಬಿಡುವಳು. ಅದಕ್ಕೇ ನಾವು ತಾಯಂದಿರು ಅವಳು ಬರುವ ದಿನ ಕೊಳಕು ಬಟ್ಟೆಯನ್ನು ಬಚ್ಚಲಲ್ಲಿ ಮುಚ್ಚಿಟ್ಟು ಕಾಯುತ್ತಿದ್ದೆವು. ಮನೆಗಳೆಲ್ಲ ನಾರುತ್ತಿದ್ದವು. ನಮ್ಮವರು ಮೂಗು ಮುಚ್ಚಿಕೊಂಡು, "ನಿಮ್ಮಕ್ಕ ಬರೋವರೆಗೆ ನಾನು ಹೊರಗಿರ್ತೀನಿ" ಎಂದು ಬೀದಿಗಿಳಿಯುತ್ತಿದ್ದರು.

ಮಗಳಿಗೆ ಎಂಟು ತಿಂಗಳು ತುಂಬಿದ ವಾರ, ಡಬ್ಬಿಯಕ್ಕ ಬಟ್ಟೆ ಬಿಡಿಸಿ ಎರಡೆರಡು ಸಲ ಬೆಳಕಿಗೆ ಹಿಡಿದಳು. ಲೋಳೆಯ ನಡುವೆ ಮೂರು ಕೆಂಪು ಗೆರೆ. ನಾನು ಬೆಳಿಗ್ಗೆಯೇ ನೋಡಿದ್ದೆ, ಬಟ್ಟೆ ಉಜ್ಜಿ ಚರ್ಮ ಕೆಂಪಾಗಿರಬೇಕು ಎಂದುಕೊಂಡು ಸುಮ್ಮನಿದ್ದೆ.

"ನಿನ್ನೆ ಏನೇನು ತಿನ್ನಿಸ್ದೆ?"

"ಹಾಲು, ಗಂಜಿ, ಅರ್ಧ ಬಾಳೆಹಣ್ಣು."

"ಇನ್ನೇನೂ ಇಲ್ವಾ? ಸರಿಯಾಗಿ ನೆನಪು ಮಾಡ್ಕೋ."

"ಇಲ್ಲಕ್ಕ."

ಬರೆದುಕೊಂಡಳು. "ಪುಡಿ ಇವತ್ತಿಂದ ಬೇಡ. ನಾನು ಹೇಳೋ ಹಾಗಿಲ್ಲ, ಆದ್ರೂ ಹೇಳ್ತಿದ್ದೀನಿ. ಈಗಲೇ ಮಕ್ಕಳ ಡಾಕ್ಟರ ಹತ್ರ ನಡಿ." ಐದು ದಿನ ಮಗಳು ಸೊರಗಿದಳು. ಆರನೆಯ ದಿನ ಅತ್ತೆಯ ಕನ್ನಡಕ ಎಳೆದು ಕೆಡವಿದಾಗ ನನಗೆ ಹೋದ ಜೀವ ಬಂತು. ಅದರ ಹಿಂದುಮುಂದಿನ ಮೂರು ವಾರಗಳಲ್ಲಿ ಡಬ್ಬಿಯಕ್ಕ ಹನ್ನೊಂದು ಮನೆಗಳಲ್ಲಿ 'ರಕ್ತ ಕಂಡಿತು' ಎಂದು ಬರೆದಳು.

ಅದಾಗಿ ಸ್ವಲ್ಪ ದಿನಕ್ಕೆ ಅಧ್ಯಯನದ ಮೇಲ್ವಿಚಾರಕ ಬಂದ. ಎಲ್ಲವೂ ನೀಟಾಗಿರಬೇಕು ಎಂದು ಮಾತುಮಾತಿಗೆ ಹೇಳುವುದರಿಂದ ಡಬ್ಬಿಯಕ್ಕ ಅವನಿಗಿಟ್ಟ ಹೆಸರು ನೀಟಪ್ಪ. ಕುರ್ಚಿಯ ತುದಿಯಲ್ಲಿ, ಪ್ಯಾಂಟು ಎಲ್ಲಿಗೂ ತಾಗದಂತೆ ಕುಳಿತ. ಸೆಂಟು ಹಾಕಿದ ಕರವಸ್ತ್ರ ಕೈಯಲ್ಲೇ ಇತ್ತು. ಮಗಳು ಅಂಬೆಗಾಲಿಟ್ಟು ಅವನ ಬೂಟಿನ ಕಡೆ ಹೋದಾಗ ಕಾಲು ಹಿಂದಕ್ಕೆಳೆದುಕೊಂಡ.

"ಮನೇಲಿ ಬೀಟ್‌ರೂಟ್ ತರ್ತೀರಾ ಮೇಡಂ?"

"ಯಾವಾಗಾದ್ರೂ. ದೊಡ್ಡೋರಿಗೆ."

"ಪಾಪು ಅಡುಗೆಮನೆಗೆ ಬರುತ್ತಾ?"

"ಅಂಬೆಗಾಲಿಡುತ್ತಲ್ಲ, ಎಲ್ಲಾ ಕಡೆ ಬರುತ್ತೆ."

"ಅಷ್ಟೇ. ಅದನ್ನೇ ಇಲ್ಲಿ ಬರೆದಿದ್ದೀವಿ. ಮಗುವಿನ ಬಾಯಿಗೆ ಬೀಟ್‌ರೂಟ್ ಹೋಗಿರುವ ಸಾಧ್ಯತೆ ಇದೆ, ಬಣ್ಣ ಅದರದ್ದು. ಒಂದು ಸಹಿ."

ಹಾಳೆ ಮೊದಲೇ ಅಚ್ಚಾಗಿತ್ತು. ಹೆಸರಿನ ಜಾಗ ಮಾತ್ರ ಖಾಲಿ. "ಹಾಕ್ಬಿಡು, ನಾಳೆ ನಮಗೂ ಆ ಆಸ್ಪತ್ರೆನೇ ಗತಿ" ಎಂದರು ನಮ್ಮವರು. ಪೆನ್ನು ಹಿಡಿದದ್ದು ನನ್ನ ಕೈಯೇ. 'ಸಾಧ್ಯತೆ' ಎಂಬ ಮಾತು ಎಷ್ಟು ಮೆತ್ತಗಿರುತ್ತದೆಂದರೆ, ಅದರ ಮೇಲೆ ಸುಳ್ಳು ಕುಳಿತರೂ ಸದ್ದಾಗುವುದಿಲ್ಲ. ಸಹಿ ಒಣಗುವ ಮೊದಲೇ ಅವನು ಹಾಳೆಯನ್ನು ಕರವಸ್ತ್ರದ ತುದಿಯಿಂದ ಹಿಡಿದು ಎತ್ತಿಕೊಂಡ. ನಮ್ಮ ಮನೆಯ ಗಲೀಜು ತಾಗೀತೆಂದು.

ಮುಂದಿನ ಸಲ ಡಬ್ಬಿಯಕ್ಕ ಮೆಟ್ಟಿಲ ಮೇಲೆ ಕೂರಲಿಲ್ಲ.

"ಬೀಟ್‌ರೂಟ್ ತಿನ್ನಿಸಿದ್ದೆಯಂತೆ."

"ಅವ್ರು ಸಾಧ್ಯತೆ ಅಂದ್ರು ಅಕ್ಕ..."

"ನಾನು ಕೇಳ್ದಾಗ ಗಂಜಿ ಅಂದೆ, ಬಾಳೆಹಣ್ಣು ಅಂದೆ. ಅವನು ಕೇಳ್ದಾಗ ಬೀಟ್‌ರೂಟ್. ನಾಲಿಗೆನಾ ಅದು, ಗಾಳಿಪಟನಾ?"

ಟೀ ತರಲೆಂದು ತಿರುಗಿದವಳನ್ನು ಅವಳ ಮಾತು ನಿಲ್ಲಿಸಿತು.

"ಇಷ್ಟು ವರ್ಷ ಏನೇನೋ ಮುಟ್ಟಿದ್ದೀನಿ, ಒಂದಿನ ವಾಕರಿಕೆ ಬಂದಿಲ್ಲ. ನಿಮ್ಮ ಹನ್ನೊಂದು ಸಹಿ ನೋಡಿ ಬಂತು." ಅವಳು ದನಿ ಏರಿಸಲಿಲ್ಲ. "ಶುಕ್ರವಾರ ಇದನ್ನ ವಿಚಾರಿಸೋಕೆ ಆಸ್ಪತ್ರೆ ಸಮಿತಿ ಕೂರುತ್ತೆ. ನಿಮ್ಮ ಹಾಳೆ ನಿಜ ಅಂತಾದ್ರೆ ನಾನು ಬಣ್ಣಾನ ರಕ್ತ ಅಂತ ಬರೆದೋಳು. ನನ್ನ ಬರಹ ಅಳಿಸ್ತಾರೆ, ನನ್ನನ್ನ ಕಳಿಸ್ತಾರೆ. ಅದು ಹೋಗ್ಲಿ. ಪುಡಿ ಮುಂದುವರಿಯುತ್ತೆ. ಒಂಬೈನೂರು ಮಕ್ಕಳಿಗೆ. ಆಮೇಲೆ ಊರಿಗೆಲ್ಲ."

ಬಾ ಎಂದು ಕರೆಯಲಿಲ್ಲ. ಶುಕ್ರವಾರ ನಾನೇ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಮೂಲೆಮನೆಯ ಟೈಲರಮ್ಮನನ್ನೂ ಎಬ್ಬಿಸಿಕೊಂಡು ಹೋದೆ. ಅವಳೂ ಸಹಿ ಹಾಕಿದವಳೇ. ಹಾಕುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳಂತೆ, ಹಾಳೆ ಓದಿರಲಿಲ್ಲ.

ಸಮಿತಿಯ ಕೋಣೆ ತಣ್ಣಗಿತ್ತು. ಉದ್ದನೆಯ ಮೇಜು, ಗಾಜಿನ ಲೋಟಗಳು, ತಟ್ಟೆಯಲ್ಲಿ ಕ್ರೀಮ್ ಬಿಸ್ಕತ್ತು. ಅಧ್ಯಕ್ಷರಾದ ದಪ್ಪ ಡಾಕ್ಟರು, ಒಬ್ಬ ವಕೀಲರು, ನರೆಗೂದಲಿನ ಮಕ್ಕಳ ಡಾಕ್ಟರಮ್ಮ. ಅಧ್ಯಕ್ಷರು ಎರಡು ಬಿಸ್ಕತ್ತಿನ ನಡುವಿನ ಕ್ರೀಮನ್ನು ಹಲ್ಲಿನಿಂದ ಕೆರೆದು ತಿನ್ನುತ್ತಿದ್ದರು.

ನೀಟಪ್ಪ ಹಾಳೆಗಳನ್ನು ಒಂದೊಂದಾಗಿ ಓದಿದ. ಒಂದನೇ ಮನೆ, ಬೀಟ್‌ರೂಟ್. ಎರಡನೇ ಮನೆ, ಬೀಟ್‌ರೂಟ್. ಹನ್ನೊಂದೂ ಮುಗಿದ ಮೇಲೆ ಡಬ್ಬಿಯಕ್ಕ ಗೋಡೆಯ ಪಕ್ಕದಿಂದ ಕೇಳಿದಳು:

"ಏಳನೇ ಮನೆ ಕೂಸಿಗೆ ಎಷ್ಟು ತಿಂಗಳು, ಸ್ವಲ್ಪ ನೋಡಿ ಸಾರ್."

ನೀಟಪ್ಪ ಹಾಳೆ ತಿರುವಿದ. "ಎರಡೂವರೆ."

"ಎರಡೂವರೆ ತಿಂಗಳ ಕೂಸು. ತಾಯಿ ಹಾಲು ಬಿಟ್ರೆ ನಿಮ್ಮ ಪುಡಿ, ಅಷ್ಟೇ ಅದರ ಲೋಕ. ಬೀಟ್‌ರೂಟ್ ತಿಂತಂತೆ. ತುರಿದು ತಿಂತೋ, ಹಾಗೇ ಕಚ್ಕೊಂಡು ತಿಂತೋ?"

ವಕೀಲರು ನಕ್ಕರು, ನಕ್ಕು ಕೆಮ್ಮಿದರು. ಟೈಲರಮ್ಮ ಎದ್ದು, "ಅದು ನನ್ನ ಮಗು ಸಾರ್. ಅದಕ್ಕೆ ಕುತ್ತಿಗೆನೇ ಇನ್ನೂ ಸರಿಯಾಗಿ ನಿಂತಿಲ್ಲ. ಬಾಯಲ್ಲಿ ಸೂಜಿ ಇತ್ತು, ಇವ್ರು ಅವಸರ ಮಾಡಿದ್ರು, ಹಾಕ್ಬಿಟ್ಟೆ" ಎಂದಳು.

ಅಧ್ಯಕ್ಷರು ಬಾಯಿ ಒರೆಸಿಕೊಂಡರು. ಈಗ ಇಡೀ ಕಟ್ಟನ್ನೇ ಕಸಕ್ಕೆ ಹಾಕುತ್ತಾರೆ ಎಂದುಕೊಂಡೆ. ಅವರು ಎಂದದ್ದು ಇಷ್ಟು:

"ಬರಹದ ತಪ್ಪು. ಏಳನೇ ಮನೆ ತೆಗೆದುಬಿಡಿ. ಹತ್ತು ಅಂತ ಮಾಡಿ."

ನೀಟಪ್ಪ ಆಗಲೇ ಹನ್ನೊಂದನ್ನು ಹೊಡೆದು ಹತ್ತು ಎಂದು ಬರೆಯುತ್ತಿದ್ದ. ನೀಟಾಗಿ, ಅಂಕಿಯ ಕೆಳಗೆ ಗೆರೆ ಎಳೆದು. ಬಚ್ಚಲಲ್ಲಿ ಎರಡು ದಿನ ಮುಚ್ಚಿಟ್ಟ ಬಟ್ಟೆಯ ನಾತ ನನಗೆ ಗೊತ್ತು. ಆ ತಣ್ಣನೆಯ ಕೋಣೆಯಲ್ಲಿ, ಸೆಂಟಿನ ಮಧ್ಯೆ, ಅದಕ್ಕಿಂತ ಕೆಟ್ಟದ್ದೇನೋ ಕೊಳೆಯುತ್ತಿತ್ತು. ಅದರಲ್ಲಿ ನನ್ನದೂ ಒಂದು ಹಾಳೆ ಇತ್ತು.

"ಹತ್ತಲ್ಲ ಸಾರ್, ಒಂಬತ್ತು" ಎಂದೆ. "ನಾಲ್ಕನೇ ಮನೆ ನಮ್ದು. ನನ್ನ ಮಗಳು ಬೀಟ್‌ರೂಟ್ ಮುಟ್ಟಿಲ್ಲ. ನಾನು ಸುಳ್ಳಿಗೆ ಸಹಿ ಹಾಕ್ದೆ. ಗೊತ್ತಿದ್ದೂ ಹಾಕ್ದೆ."

"ನೋಡಮ್ಮಾ, ಸಹಿ ಹಾಕಿದ್ಮೇಲೆ..."

"ಇನ್ನು ಒಂಬತ್ತು ಮನೆಗೂ ನಾನೇ ಹೋಗಿ ಕರ್ಕೊಂಡು ಬರ್ತೀನಿ ಸಾರ್. ಸಂಜೆಯೊಳಗೆ ಎಷ್ಟು ಉಳಿಯುತ್ತೆ ನೋಡೋಣ."

ಡಾಕ್ಟರಮ್ಮ ಕನ್ನಡಕ ತೆಗೆದರು. "ಆ ಹನ್ನೊಂದು ಡಬ್ಬಿಗಳನ್ನ ಪರೀಕ್ಷೆ ಮಾಡಿಸಿದ್ರಾ?"

"ಬೀಟ್‌ರೂಟ್ ಅಂತ ಗೊತ್ತಾದ ಮೇಲೆ ಅಗತ್ಯ ಬೀಳಲಿಲ್ಲ ಮೇಡಂ" ಎಂದ ನೀಟಪ್ಪ.

"ಎಲ್ಲಿವೆ?"

"ಫ್ರೀಜರಿನಲ್ಲಿ."

"ತರಿಸಿ."

ಹನ್ನೊಂದರಲ್ಲಿ ಎಂಟು ಡಬ್ಬಿಗಳಲ್ಲಿ ರಕ್ತವಿತ್ತು. ಯಾರಿಗೆ ಯಾವ ಪುಡಿ ಎಂದು ಮುಚ್ಚಿಟ್ಟಿದ್ದ ಪಟ್ಟಿಯನ್ನು ಡಾಕ್ಟರಮ್ಮ ತೆರೆಸಿದರು: ಆ ಎಂಟರಲ್ಲಿ ಏಳು ಮಕ್ಕಳು ನಿಜವಾದ ಪುಡಿ ತಿಂದವರು. ನನ್ನ ಮಗಳೂ ಅವರಲ್ಲೊಬ್ಬಳು. ಹತ್ತು ದಿನಕ್ಕೆ ಅಧ್ಯಯನ ನಿಂತಿತು.

ನಿಂತ ರೀತಿಯನ್ನೂ ಹೇಳಬೇಕು. ಆಸ್ಪತ್ರೆಯ ಫಲಕದ ಮೇಲೆ ಒಂದು ಹಾಳೆ ಅಂಟಿಸಿದರು: 'ತಾಂತ್ರಿಕ ಕಾರಣಗಳಿಂದ ಅಧ್ಯಯನವನ್ನು ಮುಕ್ತಾಯಗೊಳಿಸಲಾಗಿದೆ. ಸಹಕರಿಸಿದ ತಾಯಂದಿರಿಗೆ ಧನ್ಯವಾದಗಳು.' ರಕ್ತದ ಮಾತಿಲ್ಲ. ಮನೆಯಲ್ಲಿ ಉಳಿದ ಪುಡಿ ಕುಡಿಸಬೇಡಿ ಎಂಬ ಒಂದು ಸಾಲೂ ಇಲ್ಲ. ನೀಟಪ್ಪನನ್ನು ಮುದುಕರ ಮರೆವಿನ ಅಧ್ಯಯನಕ್ಕೆ ಹಾಕಿದರು. ಡಬ್ಬಿಯಕ್ಕನ ಕೆಲಸದ ಅವಧಿ ತಿಂಗಳ ಕೊನೆಗೆ ಮುಗಿಯಿತು, ಮತ್ತೆ ಕರೆ ಬರಲಿಲ್ಲ.

ಅದರ ಮುಂದಿನ ಸೋಮವಾರ ಅವಳು ಕೊರಳ ಕಾರ್ಡಿಲ್ಲದೆ ನಮ್ಮ ಬಾಗಿಲಿಗೆ ಬಂದಳು.

"ಆರು ಬೀದಿಲಿ ಎಷ್ಟು ಮನೇಲಿ ಪುಡಿ ಡಬ್ಬ ಇದೆಯೋ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು. ಮಗೂನ ಅತ್ತೆ ಕೈಗೆ ಕೊಟ್ಟು ಬರ್ತೀಯಾ? ನಾನೊಬ್ಳೇ ಹೇಳಿದ್ರೆ ಕೆಲಸ ಹೋದ ಸಿಟ್ಟಿಗೆ ಹೇಳ್ತಾಳೆ ಅಂತಾರೆ. ತಾಯಿ ಹೇಳಿದ್ರೆ ಕೇಳ್ತಾರೆ."

ಅತ್ತೆ ಕೈ ಚಾಚಿ ಮಗುವನ್ನು ತೆಗೆದುಕೊಂಡರು.

ಬಾಗಿಲು ಬಾಗಿಲು ತಟ್ಟಿದೆವು. ನನ್ನ ಮಗಳಿಗೆ ಏನಾಯಿತು, ನಾನು ಏನಕ್ಕೆ ಸಹಿ ಹಾಕಿದೆ, ಎರಡನ್ನೂ ಪ್ರತಿ ಮನೆಯಲ್ಲೂ ಹೇಳಿದೆ. ಹೇಳಿದಷ್ಟೂ ಬಾಯಿ ಕಹಿಯಾಯಿತು. ಕೆಲವರು ಕೂಡಲೇ ಡಬ್ಬ ತಂದರು. ಇಬ್ಬರು, ಆಸ್ಪತ್ರೆಯವರೇ ಬಂದು ಹೇಳಲಿ ಎಂದು ಬಾಗಿಲು ಹಾಕಿಕೊಂಡರು. ಡಬ್ಬಿಯಕ್ಕ ಅವರ ಮನೆ ಗುರುತು ಹಾಕಿಕೊಂಡಳು, ನಾಳೆ ಮತ್ತೆ ಬರಲು. ಕೊನೆಯ ಬೀದಿಯ ಮನೆಯೊಂದರಲ್ಲಿ ಮೊದಲ ಹೆರಿಗೆಯ ಹುಡುಗಿ, ತೊಡೆಯ ಮೇಲೆ ಕೂಸು, ಕೈಯಲ್ಲಿ ಆಗತಾನೇ ಕಲಸಿದ ಚಮಚ. "ಒಳ್ಳೇದು ಅಂತ ದಿನಕ್ಕೆರಡು ಕೊಡ್ತಿದ್ದೆ" ಎಂದಳು. ಡಬ್ಬಿಯಕ್ಕ ಚಮಚವನ್ನು ಮೆಲ್ಲಗೆ ಅವಳ ಬೆರಳುಗಳಿಂದ ಬಿಡಿಸಿಕೊಂಡಳು.

"ಕೂಸಿನ ಬಟ್ಟೆ ಎಲ್ಲಿದೆ? ತೋರ್ಸು ನೋಡೋಣ."

ಅವರಿಬ್ಬರೂ ಒಳಗೆ ಹೋದರು. ಡಬ್ಬವನ್ನು ನಾನು ನಲ್ಲಿಯ ಕೆಳಗೆ ಬಗ್ಗಿಸಿದೆ. ಪುಡಿ ನೊರೆನೊರೆಯಾಗಿ ಚರಂಡಿಗೆ ಇಳಿಯಿತು. ಮಕ್ಕಳಿಗೆ ಇಷ್ಟವಾಗಲೆಂದು ಅದಕ್ಕೆ ಬಾಳೆಹಣ್ಣಿನ ಪರಿಮಳ ಬೆರೆಸಿದ್ದರು. ಚರಂಡಿಯಿಂದ ಆ ಸಿಹಿವಾಸನೆ ಏರಿ ಬಂದಾಗ, ಇಷ್ಟು ತಿಂಗಳು ಎಷ್ಟೋ ಬಟ್ಟೆ ಒಗೆದ ನಾನು ಅಲ್ಲೇ ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಒಳಗಿನಿಂದ ಡಬ್ಬಿಯಕ್ಕನ ದನಿ ಕೇಳಿತು: "ಇಲ್ಲ ಕಣಮ್ಮಾ, ಕೆಂಪಿಲ್ಲ. ಗಟ್ಟಿಯಾಗೇ ಇದೆ. ನಾಳೆ ಬಟ್ಟೆ ಒಗೀಬೇಡ, ಬರ್ತೀನಿ."