ನಾರ್ಮಲ್ ಆದವಳ ಹೊಲಿಗೆ

ನನ್ನ ಮೊದಲ ಹೆರಿಗೆ ನಾರ್ಮಲ್ ಆಯಿತೆಂಬ ಸುದ್ದಿ, ನಾನು ಹುಣಸೂರಿನ ಆಸ್ಪತ್ರೆಯಿಂದ ಕಟ್ಟೆಮಳಲವಾಡಿಯ ತವರಿಗೆ ಬರುವ ಮೊದಲೇ ಊರೆಲ್ಲ ಸುತ್ತಿ ಮುಗಿಸಿತ್ತು. ಸುತ್ತಿಸಿದವಳು ನಮ್ಮವ್ವ. ಬೀದಿಯ ಹುಡುಗಿಯರಿಗೆಲ್ಲ ಸಿಸೇರಿಯನ್ ಆಗುತ್ತಿರುವಾಗ ತನ್ನ ಮಗಳಿಗೆ ಮಾತ್ರ ನಾರ್ಮಲ್ ಆದದ್ದು ಅವಳಿಗೆ ಸಣ್ಣ ಸಂಗತಿಯೇ? "ಒಂದು ಗಾಯನೂ ಇಲ್ಲ ಕಣವ್ವ" ಎಂದು ಬಂದವರಿಗೆಲ್ಲ ಕಾಫಿಯ ಜೊತೆ ಹಂಚುತ್ತಿದ್ದಳು.

ಗಾಯ ಇತ್ತು. ಮಗುವಿನ ತಲೆ ಸಲೀಸಾಗಿ ಬರಲೆಂದು ಡಾಕ್ಟರಮ್ಮ ಕೆಳಗೆ ಕತ್ತರಿ ಹಾಕಿ, ಆಮೇಲೆ ಹೊಲಿದಿದ್ದರು. ಅದು ಅವ್ವನಿಗೂ ಗೊತ್ತಿತ್ತು. ಆದರೆ ಹೊಟ್ಟೆ ಕೊಯ್ದರೆ ಮಾತ್ರ ಕೊಯ್ದ ಲೆಕ್ಕ ಎಂಬುದು ಅವಳ ಕಾನೂನು. ನಾನು ಒಂದು ಮಗ್ಗುಲಿಗೆ ಒರಗಿಕೊಂಡೇ ಮಗುವಿಗೆ ಹಾಲು ಕುಡಿಸುತ್ತಿದ್ದೆ. ಕೂರು ಎಂದರೆ ಪ್ರಾಣ ಹೋಗುತ್ತಿತ್ತು.

ಹೀಗಿರುವಾಗ ತೊಟ್ಟಿಲಿಗೆ ಹಾಕುವ ದಿನ ಬಂತು. ಅವತ್ತು ಬಾಣಂತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮರದ ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಬೇಕು. ಬಂದ ಮುತ್ತೈದೆಯರು ಒಬ್ಬೊಬ್ಬರಾಗಿ ಆರತಿ ಎತ್ತಬೇಕು, ಹಾಡಿನ ಸಮೇತ. ನಮ್ಮೂರ ಹೆಂಗಸರಿಗೆ ಹಾಡು ಶುರು ಮಾಡುವುದು ಗೊತ್ತು, ಮುಗಿಸುವುದು ಗೊತ್ತಿಲ್ಲ. ಮಣೆ ನೋಡಿಯೇ ನನಗೆ ಅಳು ಬಂತು.

"ದಿಂಬು ಹಾಕವ್ವ" ಎಂದು ಅವ್ವನ ಕಿವಿಯಲ್ಲಿ ಬೇಡಿಕೊಂಡೆ.

"ಸುಮ್ಕಿರು. ನೋಡ್ದೋರು ಏನಂದ್ಕಂಡಾರು" ಎಂದಳು.

ಒಂದೇ ತೊಡೆಯ ಮೇಲೆ ಭಾರ ಬಿಟ್ಟು ವಾಲಿಕೊಂಡು ಕೂತೆ. ಗಾವಡಗೆರೆಯಿಂದ ಬಂದಿದ್ದ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಆರತಿ ತಟ್ಟೆ ಹಿಡಿದೇ ದಬಾಯಿಸಿದಳು.

"ನೆಟ್ಟಗೆ ಕುಂತ್ಕಳೇ. ನಾರ್ಮಲ್ ಆದೋಳಿಗೆ ಇದೇನು ವಯ್ಯಾರ?"

ಬರೀ ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಭುಜ ಹಿಡಿದು ಒತ್ತಿಯೂ ಬಿಟ್ಟಳು. ನನ್ನ ಬಾಯಿಂದ ಹೊರಟ ಸದ್ದಿಗೆ ಹಾಡು ತಾನಾಗಿಯೇ ನಿಂತಿತು.

ಅವ್ವ ಒಳಗೆ ಹೋದಳು. ತನ್ನ ದಿಂಬನ್ನೇ ತಂದು, ಎಲ್ಲರೆದುರು ನನ್ನನ್ನು ಎಬ್ಬಿಸಿ, ಅದನ್ನು ಮಣೆಯ ಮೇಲೆ ಹಾಕಿ, ಮತ್ತೆ ಮೆಲ್ಲಗೆ ಕೂರಿಸಿದಳು. ಅವಳ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿದುಹೋಯಿತು.

"ಅವ್ಳಿಗೆ ಹೊಲಿಗೆ ಆಕವ್ರೆ. ನಾನೇ ಸುಳ್ಳೇಳಿದ್ದೆ" ಎಂದಳು.

ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಅವ್ವ ಅವಳ ಕಡೆ ತಿರುಗಿದಳು.

"ಇವ್ಳನ್ನ ಹೆತ್ತಾಗ ನಂಗೂ ಆಕಿದ್ರು. ಅವತ್ತೂ ನೀವೇ ಅಲ್ವಾ ಅತ್ಗೆ, ನನ್ನ ಇಂಗೇ ಒತ್ತಿ ಕೂರ್ಸಿದ್ದು? ನಾನು ಬಾಯಿ ಬುಟ್ಟಿರ್ನಿಲ್ಲ, ಅಷ್ಟೇಯ."